ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ: ಹೊಸ ಸಂಸಾರ ಹೂಡುವವರ ಅಗ್ಗದ ಲೆಕ್ಕ

ಹತ್ತು ಪೌಂಡ್ ಕೊಟ್ಟರೆ ಭೂಮಿಯ ಆಚೆ ಮಗ್ಗುಲಿಗೆ ಹಡಗು ಹತ್ತಿಸಿ ಕಳಿಸುತ್ತಿದ್ದ ಕಾಲವೊಂದಿತ್ತು. ಎರಡನೇ ಮಹಾಯುದ್ಧ ಮುಗಿದಾಗ ಆಸ್ಟ್ರೇಲಿಯಾಕ್ಕೆ ಜನ ಬೇಕಿತ್ತು. ಅಲ್ಲಿನ ಮೊದಲ ವಲಸೆ ಸಚಿವ ಆರ್ಥರ್ ಕಾಲ್ವೆಲ್ ಮೊದಲು ನೋಡಿದ್ದು ಬ್ರಿಟನ್ ಕಡೆಗೆ. ದೊಡ್ಡವರಿಗೆ 10 ಪೌಂಡ್, ಮಕ್ಕಳಿಗೆ ಪುಕ್ಕಟೆ. ಆದರೆ ಎರಡು ವರ್ಷ ಇರಲೇಬೇಕು. ಅದಕ್ಕೆ ಮುಂಚೆ ವಾಪಸ್ ಹೊರಟರೆ ಸರ್ಕಾರ ಹಾಕಿದ ಪ್ರಯಾಣದ ಖರ್ಚನ್ನು ಕಟ್ಟಿ ಹೋಗಬೇಕಿತ್ತು. 1970ರ ದಶಕದ ಆರಂಭದ ಹೊತ್ತಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಬ್ರಿಟಿಷರು ಹೀಗೆ ಹೋದರು. ಮುಂದೆ ಆಸ್ಟ್ರೇಲಿಯಾದ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ ಅವರ ಮನೆಯವರು ವೇಲ್ಸ್‌ನಿಂದ ಅಡಿಲೇಡ್‌ಗೆ ಬಂದದ್ದು 1966ರಲ್ಲಿ, ಇದೇ ದಾರಿಯಲ್ಲಿ.

ಆ ಟಿಕೆಟ್ ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ಬಿಳಿಯರಿಗಷ್ಟೇ ಬಾಗಿಲು ತೆರೆಯುವ ನೀತಿ 1966ರಲ್ಲಿ ಸಡಿಲವಾಗಿ, 1973ರಲ್ಲಿ ಪೂರ್ತಿ ಹೋಯಿತು. ನಮ್ಮ ಕೋಲಾರ ಚಿನ್ನದ ಗಣಿಯ, ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬಗಳು ಪರ್ತ್, ಮೆಲ್ಬರ್ನ್ ಕಡೆಗೆ ಜಾಸ್ತಿಯಾಗಿ ಹೊರಟದ್ದು ಆ ಹೊತ್ತಿನಲ್ಲೇ.

ಈಗ 10 ಪೌಂಡಿನ ಮಾತಿಲ್ಲ. ಕೆಲಸದ ಕೌಶಲ್ಯದ ಮೇಲೆ ಕಾಯಂ ವೀಸಾ ಕೇಳಿದರೆ ಒಬ್ಬರ ಅರ್ಜಿ ಶುಲ್ಕವೇ ಸುಮಾರು 5 ಸಾವಿರ ಆಸ್ಟ್ರೇಲಿಯನ್ ಡಾಲರ್. ಹಾಗಿದ್ದರೂ ಜನ ಹೋಗುತ್ತಲೇ ಇದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು ಸುಮಾರು 9.27 ಲಕ್ಷ. ಹೊರದೇಶದಲ್ಲಿ ಹುಟ್ಟಿದವರ ಪಟ್ಟಿಯಲ್ಲಿ ಅವರೇ ಮೊದಲು. ಎರಡನೆಯವರು ಭಾರತದಲ್ಲಿ ಹುಟ್ಟಿದವರು, ಸುಮಾರು 6.73 ಲಕ್ಷ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋದ ಭಾರತೀಯ ಡಾಕ್ಟರುಗಳು, ನರ್ಸುಗಳೂ ಇದ್ದಾರೆ. ಮುಂದೆ ಬರೆಯುವುದರಲ್ಲಿ ಬಹುಪಾಲು ಅವರಿಗೂ ಸಲ್ಲುತ್ತದೆ.

ಹಳೆಯ 10 ಪೌಂಡಿನ ವಲಸಿಗರಲ್ಲಿ ಸುಮಾರು ಕಾಲು ಭಾಗ ಜನ ವಾಪಸ್ ಹೋದರು. ಊರಿನ ನೆನಪು ಒಂದು ಕಾರಣ. ಇನ್ನೊಂದು, ಎಣಿಸಿದ್ದಂತೆ ಬದುಕು ಕೂಡಿಬರಲಿಲ್ಲ. ಇಂದಿಗೂ ತೊಂದರೆ ಶುರುವಾಗುವುದು ಇಲ್ಲೇ. ಅದೇ ಭಾಷೆ, ರಸ್ತೆಯ ಅದೇ ಎಡಬದಿ, ಅದೇ ರಾಜಮನೆತನ. ಹಾಗಾಗಿ ಎಲ್ಲವೂ ನಮ್ಮಲ್ಲಿದ್ದಂತೆಯೇ, ಬಿಸಿಲೊಂದು ಜಾಸ್ತಿ ಅಂದುಕೊಂಡು ಬ್ರಿಟಿಷರು ಬರುತ್ತಾರೆ. ಅಂಗಡಿಗೆ ಹೋದಾಗ ಗೊತ್ತಾಗುತ್ತದೆ, ಇಲ್ಲಿ ಬೆಲೆ ನಡೆಯುವ ಕ್ರಮವೇ ಬೇರೆ.

ಮೊದಲು ಬಿಡಬೇಕಾದದ್ದು ಪೌಂಡಿನ ಲೆಕ್ಕ. ಒಂದು ಪೌಂಡಿಗೆ ಸುಮಾರು ಎರಡು ಡಾಲರ್ ಎಂದು ಹಿಡಿದು ಪ್ರತಿ ಬೆಲೆಯನ್ನೂ ಅರ್ಧ ಮಾಡಿ ನೋಡುವ ಅಭ್ಯಾಸ ಎಲ್ಲ ಹೊಸಬರಿಗೂ ಇರುತ್ತದೆ. ನಾವು ರೂಪಾಯಿಗೆ ಗುಣಿಸುವುದಿಲ್ಲವೇ, ಹಾಗೆ. ಸಂಬಳ ಡಾಲರಿನಲ್ಲಿ ಬರಲು ಶುರುವಾದ ಮೇಲೆ ಆ ಲೆಕ್ಕ ದಾರಿ ತಪ್ಪಿಸುತ್ತದೆ. 2025ರ ಜುಲೈನಲ್ಲಿ ಆಸ್ಟ್ರೇಲಿಯಾದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಇತ್ತು. ಆಗ ಬ್ರಿಟನ್ನಿನಲ್ಲಿ ಅದು 12.21 ಪೌಂಡ್. ಹಾಗಾಗಿ 'ಇದಕ್ಕೆ ಎಷ್ಟು ಹೊತ್ತು ದುಡಿಯಬೇಕು' ಎಂದು ಕೇಳಿಕೊಂಡರೆ ನಿಜವಾದ ಬೆಲೆ ಕಾಣುತ್ತದೆ. ಮಾಂಸ, ಬಿಸಿಲಲ್ಲಿ ಬೆಳೆದ ಹಣ್ಣು ಆಗ ದುಬಾರಿ ಅನ್ನಿಸುವುದಿಲ್ಲ. ಭಾನುವಾರದ ಕಾಫಿ ಮಾತ್ರ ದುಬಾರಿಯೇ. ರಜಾ ದಿನದ ಕೂಲಿ ದರ ಜಾಸ್ತಿ ಇರುವುದರಿಂದ ಎಷ್ಟೋ ಹೋಟೆಲುಗಳು ಭಾನುವಾರ ಮತ್ತು ಹಬ್ಬದ ದಿನ ಬಿಲ್ಲಿನ ಮೇಲೆ ಶೇಕಡಾ 10ರಿಂದ 15 ಸೇರಿಸುತ್ತವೆ.

ನನ್ನ ಪ್ರಕಾರ ಹೊಸಬರು ತಿಳಿಯಬೇಕಾದ ಮುಖ್ಯ ಮಾತು ಇದು. ಬ್ರಿಟನ್ನಿನಲ್ಲಿ ಅಗ್ಗಕ್ಕೆ ಕೊಳ್ಳುವವರು ಯಾವ ಅಂಗಡಿ ಎಂದು ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಯಾವಾಗ ಎಂದು ಕೇಳಬೇಕು. ಬ್ರಿಟನ್ನಿನಲ್ಲಿ ಟೆಸ್ಕೊ, ಸೇನ್ಸ್‌ಬರೀಸ್, ಆಸ್ಡಾ, ಮಾರಿಸನ್ಸ್, ಆಲ್ಡಿ, ಲಿಡ್ಲ್ ಎಂಬ ಸೂಪರ್‌ಮಾರ್ಕೆಟ್‌ಗಳೆಲ್ಲವೂ ಒಂದರ ಮೇಲೊಂದು ಬಿದ್ದು ಪೈಪೋಟಿ ಮಾಡುತ್ತವೆ. ಆಸ್ಟ್ರೇಲಿಯಾದಲ್ಲಿ ಸೂಪರ್‌ಮಾರ್ಕೆಟ್ ವ್ಯಾಪಾರದ ಮೂರರಲ್ಲಿ ಎರಡು ಪಾಲು ಕೋಲ್ಸ್ ಮತ್ತು ವೂಲ್‌ವರ್ತ್ಸ್ ಕೈಯಲ್ಲಿದೆ. ಈ ವೂಲ್‌ವರ್ತ್ಸ್‌ಗೂ ಬ್ರಿಟನ್ನಿನಲ್ಲಿ 2009ರ ಆರಂಭಕ್ಕೆ ಪೂರ್ತಿ ಮುಚ್ಚಿಹೋದ ವೂಲ್‌ವರ್ತ್ಸ್‌ಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಇದು 1924ರಲ್ಲಿ ಸಿಡ್ನಿಯಲ್ಲೇ ಹುಟ್ಟಿದ ಕಂಪನಿ. ಆಲ್ಡಿ ಬಂದದ್ದು 2001ರಲ್ಲಿ. ಲಿಡ್ಲ್ ಬಂದೇ ಇಲ್ಲ. ಜರ್ಮನಿಯ ಕೌಫ್‌ಲಾಂಡ್ ಜಾಗ ಕೊಂಡು, ಕಟ್ಟಡ ಶುರು ಮಾಡಿ, 2020ರ ಜನವರಿಯಲ್ಲಿ ಒಂದೂ ಅಂಗಡಿ ತೆರೆಯದೆ ಹೊರಟುಹೋಯಿತು. ಜನ ಕಡಿಮೆ, ಊರುಗಳ ನಡುವೆ ದೂರ ಜಾಸ್ತಿ. ಹೊಸಬರು ಕಾಲೂರುವುದು ಕಷ್ಟ.

ಹೀಗೆ ಇಬ್ಬರೇ ದೊಡ್ಡವರಿರುವ ಕಡೆ ಬೆಲೆ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಏರುತ್ತದೆ, ದಬಕ್ಕನೆ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎರಡೂ ಕಡೆ ಹೊಸ ವಾರದ ಬೆಲೆಪಟ್ಟಿ ಶುರುವಾಗುವುದು ಬುಧವಾರ. ಬಟ್ಟೆ ಒಗೆಯುವ ಪುಡಿ, ಟೂತ್‌ಪೇಸ್ಟ್, ಕಾಫಿ, ಶಾಂಪೂ, ಬಿಸ್ಕತ್ತು ಇಂಥವೆಲ್ಲ ಕೆಲವು ವಾರಗಳಿಗೊಮ್ಮೆ ಅರ್ಧ ಬೆಲೆಗೆ ಬಂದೇ ಬರುತ್ತವೆ. ಅದಕ್ಕೇ ಅಲ್ಲಿನ ಹಳಬರು ಕೆಡದ ಸಾಮಾನನ್ನು ಪೂರ್ತಿ ಬೆಲೆಗೆ ಕೊಳ್ಳುವುದು ಕಡಿಮೆ. ಅರ್ಧ ಬೆಲೆಯ ವಾರದಲ್ಲಿ ಮುಂದಿನ ಸಲದವರೆಗೆ ಸಾಕಾಗುವಷ್ಟು ತಂದಿಟ್ಟುಕೊಳ್ಳುತ್ತಾರೆ.

ಆದರೆ 'ಅರ್ಧ ಬೆಲೆ' ಎಂಬ ದೊಡ್ಡ ಚೀಟಿಯನ್ನು ನಂಬಿಕೊಂಡು ಸುಮ್ನೆ ಬುಟ್ಟಿಗೆ ಹಾಕಬೇಡಿ. ಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಬೆಲೆ ಇರುತ್ತದೆ. 100 ಗ್ರಾಂಗೆ ಎಷ್ಟು, ಲೀಟರಿಗೆ ಎಷ್ಟು ಎಂದು. 2009ರ ಡಿಸೆಂಬರ್‌ನಿಂದ ದೊಡ್ಡ ದಿನಸಿ ಅಂಗಡಿಗಳು ಇದನ್ನು ಹಾಕಲೇಬೇಕು. ಒಂದು ಲೆಕ್ಕ ನೋಡೋಣ. ಒಗೆಯುವ ಪುಡಿಯ 2 ಕೆಜಿ ಡಬ್ಬ 20 ಡಾಲರ್, 4 ಕೆಜಿ ಡಬ್ಬ 24 ಡಾಲರ್ ಅಂದುಕೊಳ್ಳಿ. ಸಾಮಾನ್ಯ ವಾರದಲ್ಲಿ ಸಣ್ಣ ಡಬ್ಬಕ್ಕೆ 100 ಗ್ರಾಂಗೆ 1 ಡಾಲರ್, ದೊಡ್ಡದಕ್ಕೆ 60 ಸೆಂಟ್. ದೊಡ್ಡದೇ ಲಾಭ. ಸಣ್ಣ ಡಬ್ಬ ಅರ್ಧ ಬೆಲೆಗೆ ಬಂದ ವಾರ ಅದು 50 ಸೆಂಟಿಗೆ ಇಳಿಯುತ್ತದೆ. ಆಗ ಎರಡು ಸಣ್ಣ ಡಬ್ಬ ತಂದರೆ 20 ಡಾಲರಿಗೇ 4 ಕೆಜಿ ಸಿಕ್ಕಿತು. ದೊಡ್ಡ ಡಬ್ಬವೇ ಯಾವಾಗಲೂ ಅಗ್ಗ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಆ ಮೂಲೆಯ ಸಣ್ಣ ಅಂಕಿಯನ್ನು ಓದುವ ಅಭ್ಯಾಸ ಬಿದ್ದರೆ ವರ್ಷದಲ್ಲಿ ಉಳಿಯುವ ದುಡ್ಡು ಬೇರೆ ಯಾವ ಉಪಾಯದಲ್ಲೂ ಉಳಿಯದು.

ಪಾಯಿಂಟ್ ಕಾರ್ಡಿನಿಂದ ಬಹಳ ನಿರೀಕ್ಷೆ ಬೇಡ. ಬ್ರಿಟನ್ನಿನಲ್ಲಿ ಕಾರ್ಡ್ ಇಲ್ಲದಿದ್ದರೆ ಎಷ್ಟೋ ಸಾಮಾನಿಗೆ ಬೆಲೆಯೇ ಬೇರೆ. ಹಾಗಾಗಿ ಅಲ್ಲಿಂದ ಬಂದವರು ಕಾರ್ಡನ್ನು ತುಂಬಾ ಹಚ್ಚಿಕೊಳ್ಳುತ್ತಾರೆ. ಇಲ್ಲಿ ಸಾಮಾನ್ಯವಾಗಿ ಡಾಲರಿಗೆ ಒಂದು ಪಾಯಿಂಟ್, 2,000 ಪಾಯಿಂಟಿಗೆ 10 ಡಾಲರ್. ವಾರಕ್ಕೆ 200 ಡಾಲರ್ ಖರ್ಚು ಮಾಡುವ ಮನೆಗೆ ವರ್ಷಕ್ಕೆ ಸಿಗುವುದು ಸುಮಾರು 52 ಡಾಲರ್. ಬಿಡುವುದೇನೂ ಬೇಡ, ಆದರೆ ಪಾಯಿಂಟಿಗಾಗಿ ಬೇಡದ ಸಾಮಾನು ತರಬೇಡಿ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಶೆಲ್ಫಿನ ಮೇಲೆ ಒಂದು ಬೆಲೆ, ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದಾಗ ಅದಕ್ಕಿಂತ ಜಾಸ್ತಿ ಬೆಲೆ ಬಂತು ಅನ್ನಿ. ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಾವೇ ಒಪ್ಪಿಕೊಂಡ ನಿಯಮದ ಪ್ರಕಾರ ಆ ಸಾಮಾನಿನ ಮೊದಲನೆಯದನ್ನು ಪುಕ್ಕಟೆ ಕೊಡಬೇಕು. ಉಳಿದವು ಕಡಿಮೆ ಬೆಲೆಗೆ. 50 ಡಾಲರ್ ಮೀರಿದ ಸಾಮಾನು, ಮದ್ಯ, ಸಿಗರೇಟಿಗೆ ಇದು ಇಲ್ಲ. ಕೇಳಿದರೆ ಮಾತ್ರ ಕೊಡುತ್ತಾರೆ, ಹಾಗಾಗಿ ಸಂಕೋಚ ಪಡದೆ ಕೇಳಿ. ಸ್ಪರ್ಧೆ ಮತ್ತು ಗ್ರಾಹಕರ ವಿಷಯ ನೋಡಿಕೊಳ್ಳುವ ಎಸಿಸಿಸಿ ಎಂಬ ಸರ್ಕಾರಿ ಆಯೋಗವೇ, ರಿಯಾಯಿತಿಯ ಹೆಸರಿನಲ್ಲಿ ದಾರಿ ತಪ್ಪಿಸಿದ ಆರೋಪ ಹೊರಿಸಿ 2024ರ ಸೆಪ್ಟೆಂಬರ್‌ನಲ್ಲಿ ಈ ಎರಡೂ ದೊಡ್ಡ ಕಂಪನಿಗಳ ಮೇಲೆ ಕೋರ್ಟಿಗೆ ಹೋಯಿತು. ಬೆಲೆಚೀಟಿಯನ್ನು ಪ್ರಶ್ನಿಸುವುದು ಅಲ್ಲಿ ಸಣ್ಣತನವಲ್ಲ.

ಬಾಳೆಹಣ್ಣಿನ ಕಥೆ ಕೇಳಿದರೆ ಆ ದೇಶದ ಬೆಲೆಯ ಗುಟ್ಟು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಒಂದೇ ಒಂದು ಬಾಳೆತೋಟವಿಲ್ಲ, ಆದರೂ ಬಾಳೆಹಣ್ಣು ಅಲ್ಲಿ ತೀರಾ ಅಗ್ಗ, ಎಲ್ಲವೂ ಹೊರಗಿನಿಂದ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡ್ ತುಂಬಾ ತೋಟಗಳಿದ್ದರೂ ಒಮ್ಮೊಮ್ಮೆ ಬೆಲೆ ಕೈಸುಡುತ್ತದೆ. ಗಿಡದ ರೋಗ ಒಳಗೆ ಬಂದೀತೆಂಬ ಭಯಕ್ಕೆ ತಾಜಾ ಬಾಳೆಹಣ್ಣನ್ನು ಹೊರಗಿನಿಂದ ತರಿಸುವುದಿಲ್ಲ. 2006ರಲ್ಲಿ ಲ್ಯಾರಿ ಚಂಡಮಾರುತ ಆ ತೋಟಗಳನ್ನು ನೆಲಕ್ಕೆ ಮಲಗಿಸಿದಾಗ ಕೆಜಿಗೆ 10 ಡಾಲರ್ ದಾಟಿತು. 2011ರಲ್ಲಿ ಯಾಸಿ ಬಂದಾಗ ಮತ್ತೆ ಅದೇ ಪಾಡು. ಹಾಗಾಗಿ ಹಣ್ಣು ತರಕಾರಿಯಲ್ಲಿ ಕಾಲ ನೋಡಿಯೇ ಕೊಳ್ಳಬೇಕು. ಮಾವಿನಹಣ್ಣು ನವೆಂಬರ್‌ನಿಂದ ಜನವರಿ ತನಕ ಟ್ರೇ ಲೆಕ್ಕದಲ್ಲಿ ಸಿಗುತ್ತದೆ, ಕ್ರಿಸ್‌ಮಸ್ ಹೊತ್ತಿಗೆ. ಮೆಲ್ಬರ್ನ್‌ನ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್, ಅಡಿಲೇಡ್‌ನ ಸೆಂಟ್ರಲ್ ಮಾರ್ಕೆಟ್‌ನಂಥ ಕಡೆ ವಾರದ ಕೊನೆಯಲ್ಲಿ ಮುಚ್ಚುವ ಹೊತ್ತಿಗೆ ಹೋಗಿ ನೋಡಿ. ಉಳಿದ ಮಾಲು ಮನೆಗೆ ಹೊತ್ತುಕೊಂಡು ಹೋಗುವುದು ಯಾರಿಗೂ ಬೇಡ, ವ್ಯಾಪಾರಿಗಳೇ ಕೂಗಿ ಕರೆದು ಕೊಡುತ್ತಾರೆ.

ಇಷ್ಟೆಲ್ಲ ದಿನಸಿಯ ಮಾತಾಯಿತು. ಮೊದಲ ತಿಂಗಳು ಕಿಸೆ ಖಾಲಿಯಾಗುವುದು ಬೇರೆ ಕಡೆ, ಮನೆಯಲ್ಲಿ. ಲೀಡ್ಸ್‌ನಿಂದ ಪರ್ತ್‌ಗೆ ಬಂದ ಒಂದು ಸಂಸಾರ ಅಂದುಕೊಳ್ಳಿ. ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಹೇಳುತ್ತಾರೆ. ವಾರಕ್ಕೆ 600 ಡಾಲರ್ ಎಂದರೆ ತಿಂಗಳಿಗೆ 2,400 ಅಂದುಕೊಳ್ಳುತ್ತಾರೆ. ಅದು 2,600, ಏಕೆಂದರೆ ವರ್ಷಕ್ಕೆ ವಾರಗಳು 52. ಮುಂಗಡ ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆ. ಬೀಗ ತೆಗೆದು ಒಳಗೆ ಹೋದರೆ ಅಡುಗೆಮನೆಯಲ್ಲಿ ಒಲೆ ಇದೆ, ಫ್ರಿಜ್ ಇಡುವ ಜಾಗವಿದೆ, ಫ್ರಿಜ್ ಇಲ್ಲ. ವಾಷಿಂಗ್ ಮಷಿನ್‌ಗೆ ನಲ್ಲಿ ಇದೆ, ಮಷಿನ್ ಇಲ್ಲ. ಬ್ರಿಟನ್ನಿನ ಬಾಡಿಗೆ ಮನೆಗಳಲ್ಲಿ ಇವು ಬಹಳ ಕಡೆ ಇರುತ್ತವೆ, ಇಲ್ಲಿ ಬಹಳ ಕಡೆ ಇರುವುದಿಲ್ಲ. ಕೋಣೆ ಬೆಚ್ಚಗಿಡಲು ಬ್ರಿಟನ್ನಿನಲ್ಲಿರುವಂತೆ ಗೋಡೆಗೆ ಹೀಟರ್ ಕೂಡ ಇಲ್ಲದಿರಬಹುದು. ಮೆಲ್ಬರ್ನ್ ಚಳಿಗಾಲದಲ್ಲಿ ಮನೆಯೊಳಗೆ ನಡುಗುವ ಬ್ರಿಟಿಷರು ಕಡಿಮೆಯಿಲ್ಲ.

ಆದ್ದರಿಂದ ಊರು ಬಿಡುವ ಮುಂಚೆ ಏನು ತರಬೇಕು, ಏನು ಬಿಡಬೇಕು ಎಂದು ಸರಿಯಾಗಿ ಯೋಚಿಸಬೇಕು. ಬ್ರಿಟನ್ನಿನ ಕರೆಂಟು, ಆಸ್ಟ್ರೇಲಿಯಾದ ಕರೆಂಟು ಎರಡೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸಿದರೆ ಮಿಕ್ಸರ್, ಇಸ್ತ್ರಿಪೆಟ್ಟಿಗೆ ಎಲ್ಲ ನಡೆಯುತ್ತವೆ. ಒಂದು ವರ್ಷದಿಂದ ಬಳಸುತ್ತಿರುವ ಮನೆ ಸಾಮಾನಿಗೆ ಸುಂಕ ಹಾಕುವುದಿಲ್ಲ. ಹಾಗಾಗಿ ಕಂಟೇನರಿಗೆಂದು ಹೊಸ ಸಾಮಾನು ಕೊಂಡು ತುಂಬುವುದರಲ್ಲಿ ಅರ್ಥವಿಲ್ಲ. ಸೈಕಲ್, ತೋಟದ ಸಲಕರಣೆ, ಬೂಟು ಇವುಗಳಿಗೆ ಚೂರೂ ಮಣ್ಣು ಅಂಟಿರಬಾರದು. ಅಂಟಿದ್ದರೆ ತೊಳೆಸುವ ಖರ್ಚು ನಿಮ್ಮ ತಲೆಗೆ. ಮಕ್ಕಳ ಕಾರ್ ಸೀಟನ್ನು ಮಾತ್ರ ಎಷ್ಟೇ ದುಡ್ಡು ಕೊಟ್ಟು ತಂದಿದ್ದರೂ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಆಸ್ಟ್ರೇಲಿಯಾದ ಮಾನದಂಡದ ಮುದ್ರೆ ಇಲ್ಲದ ಸೀಟು ಅಲ್ಲಿನ ರಸ್ತೆಯಲ್ಲಿ ಕಾನೂನಿಗೆ ವಿರುದ್ಧ.

ಬರಿದಾದ ಮನೆ ತುಂಬಿಸುವುದಕ್ಕೆ ಆಸ್ಟ್ರೇಲಿಯಾದಷ್ಟು ಒಳ್ಳೆಯ ಹಳೇ ಸಾಮಾನಿನ ಸಂತೆ ಕಡಿಮೆ ದೇಶಗಳಲ್ಲಿದೆ. ದಾನಕ್ಕೆ ಬಂದ ಸಾಮಾನು ಮಾರುವ ಅಂಗಡಿಗಳನ್ನು ಅಲ್ಲಿ ಆಪ್ ಶಾಪ್ ಅನ್ನುತ್ತಾರೆ. ವಿನ್ನೀಸ್, ಸಾಲ್ವೋಸ್, ರೆಡ್ ಕ್ರಾಸ್, ಲೈಫ್‌ಲೈನ್ ಹೀಗೆ. ತಟ್ಟೆ, ಲೋಟ, ಪಾತ್ರೆ, ಪುಸ್ತಕಕ್ಕೆ ಇವೇ ಸರಿ. ಶನಿವಾರ ಬೆಳಗ್ಗೆ ಬೀದಿ ಮೂಲೆಯಲ್ಲಿ ಕಂಬಕ್ಕೆ ರಟ್ಟು ಕಟ್ಟಿದ್ದರೆ ಅಲ್ಲೆಲ್ಲೋ ಗ್ಯಾರೇಜ್ ಸೇಲ್ ಇದೆ ಎಂದರ್ಥ. ಬೆಳಗ್ಗೆ ಬೇಗ ಹೋದವರಿಗೆ ಒಳ್ಳೆಯ ಮಾಲು, ಮಧ್ಯಾಹ್ನ ಹೋದವರಿಗೆ ಒಳ್ಳೆಯ ಬೆಲೆ. ಇಲ್ಲಿ ಚೌಕಾಸಿ ಮಾಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಫ್ರಿಜ್, ಸೋಫಾ, ಮಂಚಕ್ಕೆ ಗಮ್‌ಟ್ರೀ ಎಂಬ ಜಾಹೀರಾತಿನ ವೆಬ್‌ಸೈಟ್ ಮತ್ತು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ನೋಡುತ್ತಾರೆ. ಗಮ್‌ಟ್ರೀ ಹುಟ್ಟಿದ್ದು 2000ದಲ್ಲಿ, ಲಂಡನ್ನಿನಲ್ಲಿ, ಅಲ್ಲಿಗೆ ಬರುತ್ತಿದ್ದ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದ ಹುಡುಗ ಹುಡುಗಿಯರಿಗೆ ಮನೆ, ಕೆಲಸ ಹುಡುಕಿಕೊಡಲು. ಈಗ ಎದುರು ದಿಕ್ಕಿನಲ್ಲಿ ಬಂದ ಬ್ರಿಟಿಷರು ಅದರಲ್ಲೇ ಮಂಚ ಹುಡುಕುತ್ತಿದ್ದಾರೆ. ಹಳೇ ಫ್ರಿಜ್ ನೋಡಲು ಹೋದಾಗ ಅದನ್ನು ಓಡುತ್ತಿರುವಾಗಲೇ ನೋಡಿ. ಬಾಗಿಲಿನ ರಬ್ಬರಿನ ನಡುವೆ ಒಂದು ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಕಾಗದ ಸಲೀಸಾಗಿ ಜಾರಿ ಬಂದರೆ ತಂಪು ಸೋರುತ್ತಿದೆ, ಆ ಅಗ್ಗವೆಲ್ಲ ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಮುಂಭಾಗದ ಸ್ಟಾರ್ ಚೀಟಿ ಇನ್ನೂ ಇದ್ದರೆ ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಓದಿ.

ಕೌನ್ಸಿಲ್‌ನವರು, ಅಂದರೆ ಅಲ್ಲಿನ ನಗರಸಭೆಯವರು, ದೊಡ್ಡ ಕಸ ಎತ್ತುವ ದಿನಗಳಲ್ಲಿ ಬೀದಿಯ ಹುಲ್ಲಿನ ಮೇಲೆ ಕುರ್ಚಿ, ಕಪಾಟು, ಮಕ್ಕಳ ಸೈಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಎತ್ತಿಕೊಂಡು ಹೋಗುವುದು ಅಲ್ಲಿ ನಾಚಿಕೆಯ ವಿಷಯವಲ್ಲ. ಕೆಲವು ಕೌನ್ಸಿಲ್‌ಗಳು ಒಪ್ಪುವುದಿಲ್ಲ, ಅದನ್ನು ಮೊದಲೇ ತಿಳಿದುಕೊಳ್ಳಿ. ಬಟ್ಟೆ ಹೊದಿಸಿದ ಸೋಫಾ, ಹಾಸಿಗೆ ಮಾತ್ರ ಬೇಡ, ತಿಗಣೆ ಬಂದರೆ ಪಾರಾಗುವುದು ಕಷ್ಟ.

ಹೊಸದೇ ಬೇಕು ಅನ್ನುವವರಿಗೆ ಮತ್ತೆ 'ಯಾವಾಗ' ಎಂಬುದೇ ಉತ್ತರ. ಅಲ್ಲಿನ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಬ್ರಿಟನ್ನಿನಂತೆ ಏಪ್ರಿಲ್‌ನಲ್ಲಿ ಅಲ್ಲ. ಲೆಕ್ಕ ಮುಚ್ಚುವ ಮುಂಚೆ ಮಾಲು ಖಾಲಿ ಮಾಡಲು ಜೂನ್ ತಿಂಗಳಿಡೀ ಕಾರು, ಟಿವಿ, ಲ್ಯಾಪ್‌ಟಾಪ್ ಬೆಲೆ ಇಳಿಸುತ್ತಾರೆ. ಇನ್ನೊಂದು ದೊಡ್ಡ ಮಾರಾಟ ಡಿಸೆಂಬರ್ 26ಕ್ಕೆ. ಋತು ತಲೆಕೆಳಗಾಗಿರುವುದನ್ನೂ ಬಳಸಿಕೊಳ್ಳಿ. ಹೀಟರ್, ಸ್ವೆಟರ್ ಆಗಸ್ಟ್ ಕೊನೆಗೆ ಅಗ್ಗ, ಬಾರ್ಬೆಕ್ಯೂ ಒಲೆ ಬೇಸಿಗೆ ಮುಗಿಯುವ ಫೆಬ್ರವರಿ, ಮಾರ್ಚ್‌ಗೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 'ಇದಕ್ಕಿಂತ ಕಡಿಮೆ ಮಾಡ್ತೀರಾ' ಎಂದು ಕೇಳಿದರೆ ಎಷ್ಟೋ ಸಲ ಮಾಡುತ್ತಾರೆ. ಬ್ರಿಟಿಷರಿಗೆ ಇದು ಮುಜುಗರ, ನಮ್ಮವರಿಗೆ ಸುಲಭ, ಅಲ್ವಾ? ಕೌಂಟರಿನಲ್ಲಿ ಹೆಚ್ಚುವರಿ ವಾರಂಟಿ ಮಾರಲು ನೋಡುತ್ತಾರೆ. ಅವಸರ ಬೇಡ. 2011ರಿಂದ ಜಾರಿಯಲ್ಲಿರುವ ಗ್ರಾಹಕ ಕಾನೂನು, ವಸ್ತು ನ್ಯಾಯವಾಗಿ ಬಾಳಬೇಕಾದಷ್ಟು ಕಾಲ ಬಾಳಲೇಬೇಕು ಎನ್ನುತ್ತದೆ. ಕೆಟ್ಟರೆ ರಿಪೇರಿ, ಬದಲಿ ಅಥವಾ ದುಡ್ಡು ವಾಪಸ್. ಇದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕಾರಿನ ವಿಷಯದಲ್ಲಿ ಒಂದೇ ಮಾತು. ಪಿಪಿಎಸ್‌ಆರ್ ಎಂಬ ಸರ್ಕಾರಿ ದಾಖಲೆಯಲ್ಲಿ 2 ಡಾಲರ್ ಕೊಟ್ಟು ಹುಡುಕಿದರೆ ಆ ಕಾರಿನ ಮೇಲೆ ಸಾಲ ಇದೆಯೇ, ಕದ್ದ ಗಾಡಿಯೇ ಎಂದು ತಿಳಿಯುತ್ತದೆ. ಸಾಲ ತೀರದ ಕಾರನ್ನು ಕೊಂಡರೆ ಸಾಲ ಕೊಟ್ಟವರು ಬಂದು ಎಳೆದುಕೊಂಡು ಹೋಗಬಹುದು. ದುಡ್ಡು ಕೊಡುವ ದಿನವೇ ಹುಡುಕಿ.

ದೊಡ್ಡ ಮೊತ್ತದ ವಿಷಯಗಳನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಇವೇ ಜನಕ್ಕೆ ಹೆಚ್ಚು ಪೆಟ್ಟು ಕೊಡುವುದು. ಕಾಯಂ ವೀಸಾ ಇದ್ದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುತ್ತದೆ. ಡಾಕ್ಟರು ಬರೆದುಕೊಟ್ಟ, ಸರ್ಕಾರದ ಪಟ್ಟಿಯಲ್ಲಿರುವ ಒಂದೊಂದು ಔಷಧಿಗೆ 2026ರ ಜನವರಿಯಿಂದ ಹೆಚ್ಚೆಂದರೆ 25 ಡಾಲರ್. ಆಂಬುಲೆನ್ಸ್ ಮಾತ್ರ ಮೆಡಿಕೇರ್‌ನಲ್ಲಿ ಇಲ್ಲ. ಕ್ವೀನ್ಸ್‌ಲ್ಯಾಂಡ್, ಟ್ಯಾಸ್ಮೇನಿಯಾದ ನಿವಾಸಿಗಳಿಗೆ ರಾಜ್ಯವೇ ಕೊಡುತ್ತದೆ. ಬೇರೆ ಕಡೆ ಒಂದು ಸಲ ಕರೆದರೆ ಬಿಲ್ಲು ಸಾವಿರ ಡಾಲರ್ ದಾಟಬಹುದು. ಬ್ರಿಟನ್ನಿನಲ್ಲಿ ಆಂಬುಲೆನ್ಸಿಗೆ ದುಡ್ಡು ಕೊಡುವ ಯೋಚನೆಯೇ ಇಲ್ಲದೆ ಬೆಳೆದವರು ಇದನ್ನು ಕಲಿಯುವುದು ಬಿಲ್ಲು ಬಂದ ಮೇಲೆ. ಬಂದ ಮೊದಲ ವಾರವೇ ವರ್ಷದ ಸಣ್ಣ ಚಂದಾ ಅಥವಾ ವಿಮೆ ಮಾಡಿಸಿಬಿಡಿ.

ಇನ್ನು ಪಿಂಚಣಿ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಆಸ್ಟ್ರೇಲಿಯಾಕ್ಕೂ ಬರುತ್ತದೆ, ಆದರೆ ವರ್ಷ ವರ್ಷ ಏರುವುದಿಲ್ಲ. ಬೆಲೆ ಏರಿದರೂ, ಪಿಂಚಣಿ ಶುರುವಾದಾಗ ಅಥವಾ ಪಿಂಚಣಿ ಪಡೆಯುತ್ತಾ ದೇಶ ಬಿಟ್ಟಾಗ ಇದ್ದ ಮೊತ್ತವೇ ಕೊನೆಯವರೆಗೆ. ಅಮೆರಿಕಕ್ಕೆ ಹೋಗಿ ನೆಲೆಸಿದ ಬ್ರಿಟಿಷರಿಗೆ ಏರುತ್ತದೆ, ಆಸ್ಟ್ರೇಲಿಯಾ, ಕೆನಡಾ, ಭಾರತದಲ್ಲಿ ಇರುವವರಿಗೆ ಏರುವುದಿಲ್ಲ. ಇದನ್ನು ವಿರೋಧಿಸಿ ಆಸ್ಟ್ರೇಲಿಯಾ 2001ರಲ್ಲಿ ಬ್ರಿಟನ್ ಜತೆಗಿದ್ದ ಸಾಮಾಜಿಕ ಭದ್ರತೆಯ ಒಪ್ಪಂದವನ್ನೇ ಮುರಿದುಕೊಂಡಿತು, ಆದರೂ ಸ್ಥಿತಿ ಬದಲಾಗಿಲ್ಲ. ಜೀವಮಾನವಿಡೀ ಒಂದೇ ಪಾಲು ಕಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಹೀಗೆ ಮಾಡುವುದು ದೊಡ್ಡ ಅನ್ಯಾಯ ಎಂದೇ ನನಗನ್ನಿಸುತ್ತದೆ. ಮಕ್ಕಳು, ಮೊಮ್ಮಕ್ಕಳ ಜತೆ ಇರಲು ಅರವತ್ತರ ನಂತರ ಹೊರಡುವ ಅಪ್ಪ ಅಮ್ಮಂದಿರು ಬ್ರಿಟನ್ನಿನಲ್ಲಿ ಬಹಳ. ಅವರ ಮಕ್ಕಳು ಒಂದು ಕೆಲಸ ಮಾಡಬೇಕು. ಈಗಿನ ಪಿಂಚಣಿಯ ಮೊತ್ತವನ್ನೇ ಇಪ್ಪತ್ತು ವರ್ಷದ ಮುಂದಕ್ಕೂ ಹಾಗೇ ಇಟ್ಟು, ಬಾಡಿಗೆ, ಔಷಧಿ, ದಿನಸಿಯ ಏರುವ ಖರ್ಚನ್ನು ಅದರ ಪಕ್ಕದಲ್ಲಿ ಬರೆದು, ಅವರ ಮುಂದೆ ಕೂತು ತೋರಿಸಬೇಕು. ಕೊರತೆ ಬೀಳುವಷ್ಟನ್ನು ಯಾರು ಕೊಡುವುದು ಎಂದು ಮನೆ ಮಾರುವ ಮುಂಚೆಯೇ ಮಾತಾಡಿಕೊಳ್ಳಬೇಕು.